ಪೋಲ್ ಸ್ಪರ್ಧೆಗೆ ನಾನು ತಯಾರಾಗಿದ್ದು ಹೀಗೆ

ಪೋಲ್ ಡ್ಯಾನ್ಸ್, ಅಂದರೆ ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ ಹಿಡಿದು ಏರುತ್ತಾ, ಸುತ್ತುತ್ತಾ ಮಾಡುವ ಕುಣಿತ. ಅದನ್ನು ಸ್ಪರ್ಧೆಯ ಕ್ರೀಡೆ ಅಂತ ಒಪ್ಪಿಕೊಳ್ಳಬೇಕಾ? ಒಪ್ಪಿಕೊಳ್ಳಲೇಬೇಕು ಅನ್ನುವವರಲ್ಲಿ ನಾನೂ ಒಬ್ಬಳು. ಯಾಕೆ ಅನ್ನುವುದು ನಾನು ಸ್ಪರ್ಧೆಗೆ ತಯಾರಾದ ರೀತಿಯಲ್ಲೇ ಇದೆ, ಅದನ್ನೇ ಹೇಳಿಬಿಡುತ್ತೇನೆ.

ಹಾಡು ಆರಿಸುವ ಮೊದಲು ನಿಯಮದ ಪುಸ್ತಕ ಹಿಡಿದು ಕೂತೆ. ಇಂಟರ್‌ನ್ಯಾಷನಲ್ ಪೋಲ್ ಸ್ಪೋರ್ಟ್ಸ್ ಫೆಡರೇಶನ್ 2009ರಲ್ಲಿ ಶುರುವಾಯಿತು, 2012ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿದೆ. ಅವರ ಪುಸ್ತಕದಲ್ಲಿ ಪ್ರತಿ ಭಂಗಿಗೂ ಒಂದು ಚಿತ್ರ, ಒಂದು ನಂಬರು, 0.1ರಿಂದ 1.0ರವರೆಗೆ ಅಂಕ. ಯಾವ ಕೈ ಎಲ್ಲಿರಬೇಕು, ಮೈಯ ಯಾವ ಭಾಗ ಮಾತ್ರ ಕಂಬಕ್ಕೆ ತಾಗಬಹುದು, ಎರಡು ಕಾಲಿನ ನಡುವೆ ಎಷ್ಟು ಕೋನ ಇರಬೇಕು, ಎಲ್ಲಾ ಬರೆದಿದ್ದಾರೆ. ಭಂಗಿಯನ್ನು ಕನಿಷ್ಠ 2 ಸೆಕೆಂಡ್ ಅಲುಗಾಡದೆ ಹಿಡಿಯಬೇಕು. ಬೇಕಾದ ಕೋನ ಬರಲಿಲ್ಲ ಅಂದರೆ ನೋಡುವವರು ಎಷ್ಟೇ ಚಪ್ಪಾಳೆ ಹೊಡೆದರೂ ಆ ಭಂಗಿಗೆ ಅಂಕ ಇಲ್ಲ. ನೀವು ಯಾವ ಯಾವ ಭಂಗಿ, ಯಾವ ಕ್ರಮದಲ್ಲಿ ಮಾಡುತ್ತೀರಿ ಅಂತ ಮೊದಲೇ ಫಾರ್ಮ್‌ನಲ್ಲಿ ಬರೆದುಕೊಡಬೇಕು. ವೇದಿಕೆ ಮೇಲೆ ಮನಸ್ಸಿಗೆ ಬಂದ ಹಾಗೆ ಬದಲಾಯಿಸುವ ಹಾಗಿಲ್ಲ.

ಕಂಬ ಎರಡು. ದಪ್ಪ 45 ಮಿಲಿಮೀಟರ್, ಎತ್ತರ 4 ಮೀಟರ್. ಒಂದು ಅಲುಗದೆ ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಎರಡರ ಮೇಲೂ ಮಾಡಿ ತೋರಿಸಬೇಕು.

ನನಗೆ ಜಾಸ್ತಿ ಸಮಯ ಹಿಡಿದಿದ್ದು ಐಷಾ ಅಂತ ಕರೆಯುವ ಭಂಗಿ. ತಲೆಕೆಳಗಾಗಿ, ಕಾಲು ಎರಡೂ ಅಗಲಿಸಿ, ಬರೀ ಕೈಗಳ ಮೇಲೆ ನಿಲ್ಲುವುದು. ಮೇಲಿನ ಕೈ ಎಳೆಯುತ್ತದೆ, ಕೆಳಗಿನ ಕೈ ತಳ್ಳುತ್ತದೆ. ಬೇರೆ ಯಾವುದೂ ಕಂಬಕ್ಕೆ ತಾಗುವ ಹಾಗಿಲ್ಲ. ಇಲ್ಲಿ ಭುಜ ಕಿವಿಯ ಕಡೆ ಕುಗ್ಗಿದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತದೆ, ಹಾಗಾಗಿ ಭುಜದ ಹಲಗೆಯನ್ನು ಕೆಳಕ್ಕೆ ಎಳೆದು ಹಿಡಿಯುವುದನ್ನು ನೆಲದ ಮೇಲೆ, ಆಮೇಲೆ ಪುಲ್-ಅಪ್ ಬಾರ್‌ನಲ್ಲಿ, ಆಮೇಲೆ ಒಂದು ಕಾಲಿನ ಆಸರೆ ಇಟ್ಟುಕೊಂಡು ಕಂಬದ ಮೇಲೆ ಅಭ್ಯಾಸ ಮಾಡಿದೆ. ಮುಂಗೈ ಗಟ್ಟಿಯಾಗುವ ತನಕ ಆ ಕಾಲನ್ನು ತೆಗೆಯಲಿಲ್ಲ. ಕೆಳಗೆ ದಪ್ಪ ಮ್ಯಾಟ್ ಇಲ್ಲದೆ ಒಂದು ದಿನವೂ ತಲೆಕೆಳಗಾಗಲಿಲ್ಲ. ಎಡಕ್ಕೆ ಮಾಡಿದ್ದನ್ನೆಲ್ಲ ಬಲಕ್ಕೂ ಮಾಡಿದೆ, ಇಲ್ಲದಿದ್ದರೆ ಬೆನ್ನು, ಸೊಂಟ ಒಂದೇ ಕಡೆ ಗಟ್ಟಿಯಾಗಿ ಆಮೇಲೆ ನೋವು ಶುರುವಾಗುತ್ತದೆ.

ತಿರುಗುವ ಕಂಬದ ಲೆಕ್ಕವೇ ಬೇರೆ. ಕೈಕಾಲು ಒಳಗೆ ಎಳೆದುಕೊಂಡರೆ ವೇಗ ಹೆಚ್ಚುತ್ತದೆ, ಚಾಚಿದರೆ ಕಡಿಮೆಯಾಗುತ್ತದೆ. ಕೊನೆಗೆ ತೀರ್ಪುಗಾರರ ಕಡೆ ಮುಖ ಬರುವ ಹಾಗೆ ನಿಲ್ಲಬೇಕಾದರೆ ಕಾಲನ್ನು ಯಾವಾಗ ಚಾಚಬೇಕು ಅನ್ನುವುದು ಮೈಗೇ ಗೊತ್ತಿರಬೇಕು.

ಬಟ್ಟೆ ಯಾಕೆ ಅಷ್ಟು ಕಡಿಮೆ ಅಂತ ಕೇಳುತ್ತಾರಲ್ವಾ, ಅದಕ್ಕೂ ಹೇಳುತ್ತೇನೆ. ಮೊಣಕಾಲಿನ ಹಿಂಬದಿ, ಒಳತೊಡೆ, ಕಂಕುಳು, ಸೊಂಟದ ಪಕ್ಕ, ಇಲ್ಲೆಲ್ಲ ಬರೀ ಚರ್ಮವೇ ಲೋಹವನ್ನು ಹಿಡಿಯುವುದು. ಬಟ್ಟೆ ಜಾರುತ್ತದೆ. ಅಭ್ಯಾಸದ ದಿನ ಮೈಗೆ ಲೋಷನ್ ಕೂಡ ಹಚ್ಚುವುದಿಲ್ಲ. ಹೊಸ ಭಂಗಿ ಕಲಿಯುವಾಗ ತೊಡೆಯ ಒಳಗೆ ಚರ್ಮ ಕಪ್ಪುಗಟ್ಟುತ್ತದೆ, ಉರಿಯುತ್ತದೆ, ಅದು ಮಾಗುವವರೆಗೆ ಬೇರೆ ಭಂಗಿ ಮಾಡಬೇಕು.

ಸಂಗೀತ ಇದೆ, ಕುಣಿತ ಇದೆ, ಹಾಗಾಗಿ ಇದು ಕ್ರೀಡೆಯಲ್ಲ ಅನ್ನುವ ಮಾತು ನನಗೆ ಅರ್ಥವೇ ಆಗುವುದಿಲ್ಲ. ರಿದಮಿಕ್ ಜಿಮ್ನಾಸ್ಟಿಕ್ಸ್ 1984ರಿಂದ ಒಲಿಂಪಿಕ್ಸ್‌ನಲ್ಲಿದೆ. ಫಿಗರ್ ಸ್ಕೇಟಿಂಗ್ ಅದಕ್ಕಿಂತ ಹಳೆಯದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಅನ್ನುವ ಬೀದಿ ಕುಣಿತವನ್ನು ಕೂಡ ಆಡಿಸಿದರು. ಮರದ ಕಂಬದ ಮೇಲೆ ಮಾಡುವ ಮಲ್ಲಕಂಬಕ್ಕೆ ಅಂಕ ಕೊಟ್ಟು ಸ್ಪರ್ಧೆ ನಡೆಸುವಾಗ ಯಾರೂ ತಕರಾರು ಮಾಡುವುದಿಲ್ಲ. ಲೋಹದ ಕಂಬ ಬಂದಾಗ ಮಾತ್ರ ಯಾಕೆ?

ಯಾಕೆ ಅಂತ ಎಲ್ಲರಿಗೂ ಗೊತ್ತು. ಇದು ಬಂದಿದ್ದು ಹೆಂಗಸರು ಬಟ್ಟೆ ಕಳಚುತ್ತಾ ಕುಣಿಯುವ ಕ್ಲಬ್‌ಗಳಿಂದ. ಈ ವಿಷಯದಲ್ಲಿ ನಮ್ಮವರಲ್ಲೇ ಕೆಲವರ ಮೇಲೆ ನನಗೆ ಸಿಟ್ಟಿದೆ. ಕ್ರೀಡೆ ಅನ್ನಿಸಿಕೊಳ್ಳಲು "ನಾವು ಅವರ ಥರ ಅಲ್ಲ" ಅಂತ ಹೇಳಿಕೊಂಡು ತಿರುಗುತ್ತಾರೆ. ನಾವು ಮಾಡುವ ಎಷ್ಟೋ ಸುತ್ತು, ಎಷ್ಟೋ ಪಟ್ಟು ಕಂಡುಹಿಡಿದಿದ್ದು ಆ ಕ್ಲಬ್‌ಗಳಲ್ಲಿ ದುಡಿದ ಹೆಂಗಸರೇ, ಅದೂ ಹೈ ಹೀಲ್ಸ್ ಹಾಕಿಕೊಂಡು. ಸ್ಪರ್ಧೆಯಲ್ಲಿ ಹೀಲ್ಸ್ ಬೇಡ ಅನ್ನುವ ನಿಯಮ ಇರಲಿ, ನಾನು ಅದಕ್ಕೆ ಒಪ್ಪುತ್ತೇನೆ, ಆದರೆ ಹೀಲ್ಸ್ ಹಾಕಿ ಕುಣಿಯುವವರನ್ನು ಕೀಳಾಗಿ ನೋಡಿ ಸಿಗುವ ಮಾನ್ಯತೆ ನನಗೆ ಬೇಡ. ಕುಣಿತ ಕುಣಿತವಾಗಿ ಇರಲಿ, ಅದರಲ್ಲಿ ಸ್ಪರ್ಧೆಗೆ ಇಳಿಯುವವರಿಗೆ ಕ್ರೀಡಾಪಟುಗಳಿಗೆ ಸಿಗುವುದು ಸಿಗಲಿ.

2017ರ ಅಕ್ಟೋಬರ್‌ನಲ್ಲಿ ಅಂತರರಾಷ್ಟ್ರೀಯ ಕ್ರೀಡಾ ಫೆಡರೇಶನ್‌ಗಳ ಒಕ್ಕೂಟ ಪೋಲ್‌ಗೆ ವೀಕ್ಷಕ ಸ್ಥಾನ ಕೊಟ್ಟಿತು. ನಮಗೆಲ್ಲ ಅದು ದೊಡ್ಡ ಸುದ್ದಿ. ಆದರೆ ಅದು ಪೂರ್ತಿ ಮಾನ್ಯತೆ ಅಲ್ಲ, ಒಲಿಂಪಿಕ್ಸ್ ಬಾಗಿಲೂ ಅಲ್ಲ. ಆಮೇಲೆ ಆ ಒಕ್ಕೂಟವನ್ನೇ ಮುಚ್ಚುವ ತೀರ್ಮಾನ ಆಯಿತು.

ನನಗೆ ಪದಕದ ಆಸೆಗಿಂತ ಬೇರೆ ಚಿಂತೆ ಇದೆ. ಮಾನ್ಯತೆ ಇಲ್ಲದ ಕಡೆ ಯಾರು ಬೇಕಾದರೂ ಒಂದು ಕಂಬ ನಿಲ್ಲಿಸಿ ಕೋಚ್ ಅಂತ ಬೋರ್ಡ್ ಹಾಕಬಹುದು, ಭುಜದ ಬಗ್ಗೆ ಏನೂ ಗೊತ್ತಿಲ್ಲದವರು ಮೊದಲ ತಿಂಗಳೇ ತಲೆಕೆಳಗು ಮಾಡಿಸುತ್ತಾರೆ. ಕ್ರೀಡಾ ಸಭಾಂಗಣ ಕೇಳಿದರೆ ಕೊಡುವುದಿಲ್ಲ, ವಿಮೆ ಕೇಳಿದರೆ ಈ ಹೆಸರೇ ಪಟ್ಟಿಯಲ್ಲಿಲ್ಲ ಅನ್ನುತ್ತಾರೆ. ಮಕ್ಕಳು, ಐವತ್ತು ದಾಟಿದವರು, ಅಂಗವಿಕಲರು, ಎಲ್ಲರಿಗೂ ಈಗ ವಿಭಾಗಗಳಿವೆ. ಅವರನ್ನು ತಯಾರು ಮಾಡುವವರಿಗೆ ತರಬೇತಿ, ಪರೀಕ್ಷೆ ಇರಬೇಕು, ಕಂಬ ಸರಿಯಾಗಿ ಕೂರಿಸಿದ್ದಾರಾ ಅಂತ ನೋಡಲು ಒಬ್ಬರು ಇರಬೇಕು. ಇದನ್ನು ಕ್ರೀಡೆ ಅಂತ ಒಪ್ಪಿಕೊಂಡ ಮೇಲೆಯೇ ಇದಕ್ಕೆಲ್ಲ ಯಾರಾದರೂ ಜವಾಬ್ದಾರರಾಗುವುದು.