ರಕ್ತದಲ್ಲಿ ಶ್ವಾಸಕೋಶದ ಗಾಯದ ಕಲೆ ಹುಡುಕಿದೆ: ಮೂರನೇ ಸಲಕ್ಕೆ ಸಿಕ್ಕಿತು

“ರಕ್ತ ನೋಡಿದರೆ ರಕ್ತದ ಸಮಾಚಾರ ಗೊತ್ತಾಗುತ್ತೆ, ಶ್ವಾಸಕೋಶದ್ದು ಹೇಗೆ?” ಲ್ಯಾಬ್ ಮೀಟಿಂಗಿನಲ್ಲಿ ಇದನ್ನೇ ಕೇಳಿ ಕೇಳಿ ಸಾಕಾಗಿತ್ತು. ಕೋವಿಡ್ ನ್ಯುಮೋನಿಯಾದಿಂದ ಎದ್ದವರಲ್ಲಿ ಯಾರಿಗೆ ಫೈಬ್ರೋಸಿಸ್, ಅಂದರೆ ಶ್ವಾಸಕೋಶದಲ್ಲಿ ಗಾಯದ ಕಲೆ, ಉಳಿಯುತ್ತದೆ ಅಂತ ರಕ್ತದ ಆರ್‌ಎನ್‌ಎಯಿಂದ (ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಅಣು) ಹೇಳಬಹುದು ಅನ್ನೋದು ನನ್ನ ಹಟ. ಶ್ವಾಸಕೋಶದ ಚೂರು ತೆಗೆದು ನೋಡುವ ಬಯಾಪ್ಸಿಗೆ ಯಾರೂ ಸುಮ್ನೆ ಒಪ್ಪುವುದಿಲ್ಲ, ಅಲ್ವಾ?

ಮೊದಲ ಸಲ ಕಳೆದದ್ದು ದುಡ್ಡು. ರಕ್ತದಲ್ಲಿ ತುಂಬಿರುವ ಹಿಮೋಗ್ಲೋಬಿನ್ನಿನ ಆರ್‌ಎನ್‌ಎ (ಗ್ಲೋಬಿನ್) ತೆಗೆಯುವ ಕಿಟ್ ದುಬಾರಿ ಅಂತ ಬಿಟ್ಟೆ. ಇಪ್ಪತ್ತೈದು ಸ್ಯಾಂಪಲ್ ಇರಬೇಕು, ಸೀಕ್ವೆನ್ಸಿಂಗ್ ಯಂತ್ರ ಓದಿದ ಆರ್‌ಎನ್‌ಎ ತುಣುಕುಗಳಲ್ಲಿ (ರೀಡ್) ಅರ್ಧಕ್ಕಿಂತ ಜಾಸ್ತಿ ಬರೀ ಹಿಮೋಗ್ಲೋಬಿನ್ನಿನವು. ಎಲ್ಲವನ್ನೂ ಮತ್ತೆ ಸೀಕ್ವೆನ್ಸ್ ಮಾಡಿಸಿದಾಗ ಕಿಟ್ಟಿನ ಬೆಲೆಯ ನಾಲ್ಕೈದು ಪಟ್ಟು ಹೋಯಿತು.

ಎರಡನೇ ಸಲ ಹೀಟ್‌ಮ್ಯಾಪ್ (ಜೀನ್‌ಗಳ ಏರಿಳಿತವನ್ನು ಬಣ್ಣದಲ್ಲಿ ತೋರಿಸುವ ಚಿತ್ರ) ಎಷ್ಟು ಚೆನ್ನಾಗಿ ಬಂತೆಂದರೆ ಎಲ್ಲರಿಗೂ ತೋರಿಸಿಕೊಂಡು ಬಂದೆ. ಆಮೇಲೆ ಕೂತು ಮೇಲಿನ ಜೀನ್‌ಗಳ ಹೆಸರು ಓದಿದೆ. ಎಫ್‌ಕೆಬಿಪಿ5, ಝಡ್‌ಬಿಟಿಬಿ16, ಟಿಎಸ್‌ಸಿ22ಡಿ3. ಹೊಟ್ಟೆ ತೊಳಸಿದಂತಾಯಿತು. ಮೂರೂ ಸ್ಟೆರಾಯ್ಡ್ ಕೊಟ್ಟರೆ ಏರುವ ಜೀನ್‌ಗಳು. ನಾನು ಅಳೆದದ್ದು ಕಾಯಿಲೆಯನ್ನಲ್ಲ, ಚಿಕಿತ್ಸೆಗೆ ಕೊಟ್ಟ ಸ್ಟೆರಾಯ್ಡ್ ಡೆಕ್ಸಾಮೆಥಾಸೋನನ್ನು. ಕಾಯಿಲೆ ಜೋರಾಗಿದ್ದವರಿಗೆ ಸ್ಟೆರಾಯ್ಡ್ ಜಾಸ್ತಿ ಹೋಗಿತ್ತು, ಅಷ್ಟೇ. ಅವನ್ನು ತೆಗೆದರೆ ಎಂಎಂಪಿ8, ಎಲ್‌ಟಿಎಫ್, ಡಿಇಎಫ್‌ಎ4 ಉಳಿದವು. ಅದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಏರಿದ್ದರ ಗುರುತು, ಕಲೆಯದ್ದಲ್ಲ.

ಮೂರನೇ ಸಲ ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸುವುದನ್ನೇ ಬಿಟ್ಟೆ. ಡಿಸ್ಚಾರ್ಜ್ ದಿನ ಒಂದು ಟ್ಯೂಬ್, ಸ್ಟೆರಾಯ್ಡ್ ನಿಂತು ಒಂದೂವರೆ ತಿಂಗಳಿಗೆ ಇನ್ನೊಂದು. ಎರಡೂ ದಿನ ಸಿಬಿಸಿ (ರಕ್ತಕಣಗಳ ಎಣಿಕೆ) ಕಡ್ಡಾಯ. ಜೀವಕೋಶಗಳ ಪ್ರಮಾಣವನ್ನು ಮಾಡೆಲ್‌ಗೆ ಹಾಕಿ, ಅದೇ ವ್ಯಕ್ತಿಯಲ್ಲಿ ಏನು ಬದಲಾಯಿತು ಅನ್ನೋದನ್ನಷ್ಟೇ ನೋಡಿದೆ. ವೈರಸ್ ಸೋಂಕಿಗೆ ಏರುವ ಐಎಫ್‌ಐ27, ಐಎಸ್‌ಜಿ15 ಜೀನ್‌ಗಳು ಎಲ್ಲರಲ್ಲೂ ಇಳಿದಿದ್ದವು, ಉಪಯೋಗವಿಲ್ಲ. ಕಣ್ಣಿಗೆ ಬಿದ್ದದ್ದು ಟಿ ಜೀವಕೋಶಗಳ ನಾಲ್ಕು ಜೀನ್‌ಗಳು: ಸಿಡಿ28, ಐಕಾಸ್, ಎಲ್‌ಸಿಕೆ, ಐಟಿಕೆ. ಐಪಿಎಫ್ (ಕಾರಣ ಗೊತ್ತಿಲ್ಲದೆ ಬರುವ ಶ್ವಾಸಕೋಶದ ಫೈಬ್ರೋಸಿಸ್) ರೋಗಿಗಳಲ್ಲಿ ಇವು ಇಳಿದಿದ್ದರೆ ಮುಂದೆ ಕಷ್ಟ ಅಂತ 2013ರಲ್ಲೇ ಬಂದಿತ್ತು. ನಮ್ಮಲ್ಲಿ ಕೆಲವರಿಗೆ ಲಿಂಫೋಸೈಟ್ (ಟಿ ಜೀವಕೋಶಗಳೂ ಸೇರುವ ಬಿಳಿ ರಕ್ತಕಣ) ಎಣಿಕೆ ಸರಿಹೋದರೂ ಈ ನಾಲ್ಕು ಮೇಲೇಳಲಿಲ್ಲ. ಆರು ತಿಂಗಳ ಸಿಟಿ ಸ್ಕ್ಯಾನಿನಲ್ಲಿ ಟ್ರ್ಯಾಕ್ಷನ್ ಬ್ರಾಂಕಿಯೆಕ್ಟಾಸಿಸ್ (ಕಲೆ ಎಳೆದು ಶ್ವಾಸನಾಳ ಹಿಗ್ಗುವುದು) ಕಂಡದ್ದು, ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯದ ಅಳತೆ) ಹಿಂದೆ ಬಿದ್ದದ್ದು ಹೆಚ್ಚಾಗಿ ಅವರಲ್ಲೇ. ನಲವತ್ತು ಚಿಲ್ಲರೆ ಜನರಲ್ಲಿ ಹನ್ನೆರಡು ಮಂದಿಗೆ ಕಲೆ ಉಳಿದಿತ್ತು. ಒಂಬತ್ತು ಹೆಸರು ನನ್ನ ಪಟ್ಟಿಯಲ್ಲಿ ಮೊದಲೇ ಇದ್ದವು. ಮೀಟಿಂಗಿನಲ್ಲಿ ಆ ಪ್ರಶ್ನೆ ಮತ್ತೆ ಬರಲಿಲ್ಲ.

ನಾಲ್ಕರ ಜೊತೆ ಮಾನೋಸೈಟ್ ಎಂಬ ಇನ್ನೊಂದು ಬಿಳಿ ರಕ್ತಕಣದ ಒಂದು ಜೀನ್ ಸೇರಿಸುತ್ತೇನೆ. ಅದು ಯಾವುದು, ಎಷ್ಟು ತೂಕ ಕೊಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ. ಹೊಸ ಬ್ಯಾಚಿನಲ್ಲೂ ನಿಲ್ಲಬೇಕು.

ಟ್ಯೂಬಿನ ವಿಷಯದಲ್ಲಿ ಅವಸರ ಬೇಡ. ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ ಇರುವ ಪ್ಯಾಕ್ಸ್‌ಜೀನ್ ಟ್ಯೂಬಿಗೆ 2.5 ಎಂಎಲ್ ರಕ್ತ ಪೂರ್ತಿ ಬೀಳಬೇಕು. ಎಂಟು ಹತ್ತು ಸಲ ಮೆಲ್ಲಗೆ ತಿರುಗಿಸಿದರೆ ಕೆಂಪು ಹೋಗಿ ಗಾಢ ಕಂದು ಬಣ್ಣ ಬರುತ್ತದೆ. ಆಮೇಲೆ ಎರಡು ಗಂಟೆ ಹೊರಗೇ ಇರಲಿ. ಒಮ್ಮೆ ಸಂಜೆ ಮನೆಗೆ ಹೊರಡುವ ಆತುರದಲ್ಲಿ ನೇರ ಫ್ರೀಜರಿಗೆ ಇಟ್ಟೆ, ಆರು ಟ್ಯೂಬ್ ಹಾಳಾದವು. ಆರ್‌ಐಎನ್ (ಆರ್‌ಎನ್‌ಎ ಎಷ್ಟು ಕೆಡದೆ ಉಳಿದಿದೆ ಅನ್ನೋದಕ್ಕೆ ಹತ್ತರವರೆಗಿನ ಅಂಕ) ಐದನ್ನೂ ದಾಟಲಿಲ್ಲ.

ಈ ನಡುವೆ ಬೆರಳ ತುದಿಯ ರಕ್ತದಲ್ಲೂ ನೋಡಿದೆ, ರಕ್ತ ಕಡಿಮೆಯಾದಷ್ಟೇ ಲೆಕ್ಕದಲ್ಲಿ ಟ್ಯೂಬಿನ ದ್ರಾವಣವನ್ನೂ ಕಡಿಮೆ ಮಾಡಿ. ಆರ್‌ಎನ್‌ಎ ಬಹಳ ಕಡಿಮೆ, ಸೀಕ್ವೆನ್ಸಿಂಗ್ ಆಗದ ಮಾತು. ಆದರೆ ಒಂದೊಂದೇ ಜೀನನ್ನು ಅಳೆಯುವ ಕ್ಯುಪಿಸಿಆರ್‌ನಲ್ಲಿ ಎಲ್‌ಸಿಕೆ, ಐಟಿಕೆ ಎರಡೂ ಬಂದವು. ಐಕಾಸ್ ಮಾತ್ರ ಒಂದು ಸಲ ಬಂದರೆ ಇನ್ನೊಂದು ಸಲ ಇಲ್ಲ. ಈಗ ಅದರ ಪ್ರೈಮರ್ (ಆ ಜೀನನ್ನು ಹಿಡಿಯುವ ಚಿಕ್ಕ ಡಿಎನ್‌ಎ ತುಣುಕು) ಬದಲಿಸುತ್ತಿದ್ದೇನೆ.