ತುಮಕೂರಲ್ಲಿ ಕೂತು ವೆಕ್ಟ್ರೆಕ್ಸ್ ಗೇಮ್‌ಗಳನ್ನು ಸರಿಯಾಗಿ ಆಡೋದು ಹೇಗೆ

ವೆಕ್ಟ್ರೆಕ್ಸ್ ಅಂತ ಒಂದು ಗೇಮ್ ಕನ್ಸೋಲ್ ಇತ್ತು. 1982ರ ನವೆಂಬರ್‌ನಲ್ಲಿ ಅಮೆರಿಕದ ಅಂಗಡಿಗಳಿಗೆ ಬಂತು, 1984ರ ಶುರುವಿನಲ್ಲೇ ನಿಂತುಹೋಯಿತು. ನಮ್ಮ ಕಡೆ ಇದನ್ನು ನೋಡಿದವರು ಇರಲಿಕ್ಕಿಲ್ಲ. ನಮಗೆ ಟಿವಿ ಗೇಮ್ ಅಂದ್ರೆ ಕ್ಯಾಸೆಟ್ ಹಾಕೋ ಡಬ್ಬಿ, ಅದರಲ್ಲಿ ಮಾರಿಯೋ, ಕಾಂಟ್ರಾ, ಅಷ್ಟೇ. ವೆಕ್ಟ್ರೆಕ್ಸ್ ನೋಡದೇ ಇದ್ದದ್ದೂ ಒಳ್ಳೇದೇ. ಬಾಲ್ಯದ ನೆನಪು ಅಡ್ಡ ಬರದೆ ಗೇಮ್ ಚೆನ್ನಾಗಿದೆಯೋ ಇಲ್ಲವೋ ಅಂತ ನೇರವಾಗಿ ನೋಡಬಹುದು.

ಅದು ಬದುಕಿದ್ದಷ್ಟು ಕಾಲದಲ್ಲಿ ಬಂದ ಗೇಮ್‌ಗಳು ಹೆಚ್ಚುಕಮ್ಮಿ 30. ಮನಸ್ಸು ಮಾಡಿದರೆ ಎಲ್ಲವನ್ನೂ ಆಡಿ ಮುಗಿಸಬಹುದು. ಆದರೆ ಸುಮ್ನೆ ಫೈಲ್ ಇಳಿಸಿಕೊಂಡು, ಒಂದೊಂದನ್ನೂ ಎರಡು ನಿಮಿಷ ಆಡಿ, "ಏನಿದು, ಬರೀ ಗೆರೆ" ಅಂತ ಎದ್ದು ಹೋಗುವವರೇ ಜಾಸ್ತಿ. ತಪ್ಪು ಅವರದ್ದಲ್ಲ. ಈ ಗೇಮ್‌ಗಳ ಅರ್ಧ ಭಾಗ ಫೈಲಿನಲ್ಲೇ ಇಲ್ಲ. ಪರದೆ ಮುಂದೆ ಸಿಕ್ಕಿಸುತ್ತಿದ್ದ ಬಣ್ಣದ ಪ್ಲಾಸ್ಟಿಕ್ ಹಾಳೆಯಲ್ಲಿ, ಡಬ್ಬದೊಳಗಿನ ಪುಸ್ತಕದಲ್ಲಿ, ಒಂದೇ ಸಾಲಿನಲ್ಲಿದ್ದ ನಾಲ್ಕು ಗುಂಡಿಗಳಲ್ಲಿ ಇದೆ. ಆ ಅರ್ಧವನ್ನು ಮನೆಯಲ್ಲೇ ಹೊಂದಿಸಿಕೊಳ್ಳೋದು ಹೇಗೆ ಅನ್ನೋದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಮೆಷಿನ್ ಬಗ್ಗೆ ಸ್ವಲ್ಪ. ಇದಕ್ಕೆ ಟಿವಿ ಬೇಕಿರಲಿಲ್ಲ. 9 ಇಂಚಿನ ಕಪ್ಪು-ಬಿಳುಪು ಪರದೆ ಅದರಲ್ಲೇ ಇತ್ತು, ಅದೂ ಉದ್ದುದ್ದಕ್ಕೆ ನಿಂತದ್ದು. ಮಾಮೂಲಿ ಟಿವಿ ಮೇಲಿಂದ ಕೆಳಗೆ ಸಾಲು ಸಾಲಾಗಿ ಚಿತ್ರ ತುಂಬುತ್ತೆ. ಇದು ಹಾಗಲ್ಲ, ಎಲೆಕ್ಟ್ರಾನ್ ಕಿರಣ ಎಲ್ಲಿ ಗೆರೆ ಬೇಕೋ ಅಲ್ಲಿಗೇ ಹೋಗಿ ಗೆರೆ ಎಳೆಯುತ್ತೆ. ಅದಕ್ಕೇ ಗೆರೆಗಳು ಅಷ್ಟು ಚೂಪು, ಉಳಿದದ್ದೆಲ್ಲ ಕಡುಕಪ್ಪು. ಬಣ್ಣ ಬೇಕು ಅಂದ್ರೆ ಆ ಪ್ಲಾಸ್ಟಿಕ್ ಹಾಳೆಯೇ ಗತಿ. ಒಂದೊಂದು ಗೇಮಿಗೆ ಒಂದೊಂದು ಹಾಳೆ. ಇದಕ್ಕೆ ಓವರ್‌ಲೇ ಅಂತಾರೆ.

ಈಗ ಸಾಫ್ಟ್‌ವೇರ್. ಹಳೇ ಕನ್ಸೋಲ್‌ನ ಗೇಮ್‌ಗಳನ್ನು ಕಂಪ್ಯೂಟರಲ್ಲಿ ಆಡಿಸೋ ಸಾಫ್ಟ್‌ವೇರ್‌ಗೆ ಎಮ್ಯುಲೇಟರ್ ಅಂತಾರೆ. ಲ್ಯಾಪ್‌ಟಾಪ್‌ನಲ್ಲಿ ರೆಟ್ರೋಆರ್ಚ್ ಹಾಕಿಕೊಳ್ಳಿ, ಉಚಿತವಾಗಿ ಸಿಗುತ್ತೆ. ಅದರಲ್ಲಿ ಒಂದೊಂದು ಕನ್ಸೋಲ್‌ಗೂ ಬೇರೆ ಬೇರೆ ಎಮ್ಯುಲೇಟರ್ ಇಳಿಸಿಕೊಳ್ಳಬೇಕು, ಅದಕ್ಕೆ ಕೋರ್ ಅಂತ ಹೆಸರು. ಅದರಲ್ಲಿ ಲೋಡ್ ಕೋರ್, ಆಮೇಲೆ ಡೌನ್‌ಲೋಡ್ ಎ ಕೋರ್‌ಗೆ ಹೋಗಿ ವೆಕ್ಟ್ರೆಕ್ಸ್ ಹುಡುಕಿ, ವೆಕ್‌ಎಕ್ಸ್ ಅನ್ನೋ ಕೋರ್ ಇರುತ್ತೆ. ಇಳಿಸಿದ ಮೇಲೆ ಕೋರ್ ಆಪ್ಷನ್ಸ್‌ನಲ್ಲಿ ರೆಸಲ್ಯೂಶನ್ ಏರಿಸಿ. ಇಲ್ಲದಿದ್ದರೆ ಓರೆ ಗೆರೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ, ವೆಕ್ಟ್ರೆಕ್ಸ್ ಅನ್ನೋ ಹೆಸರಿಗೇ ಅರ್ಥ ಇರಲ್ಲ. ಫೋನಿನಲ್ಲೂ ರೆಟ್ರೋಆರ್ಚ್ ಇದೆ, ಆದರೆ ಬೆರಳು ಪರದೆಯ ಅರ್ಧ ಮುಚ್ಚಿಬಿಡುತ್ತೆ, ಅದಕ್ಕೆ ನಾನು ಬೇಡ ಅಂತೀನಿ.

ಗೇಮ್ ಫೈಲ್‌ಗಳ ವಿಷಯದಲ್ಲಿ ವೆಕ್ಟ್ರೆಕ್ಸ್ ಪುಣ್ಯ ಮಾಡಿದೆ. ಇದನ್ನು ರೂಪಿಸಿದ ಜೇ ಸ್ಮಿತ್ ಅವರ ಕಂಪನಿ, ದುಡ್ಡು ಮಾಡದೆ ಹಂಚಿಕೊಳ್ಳೋದಾದರೆ ಕಾಪಿ ಮಾಡಿಕೊಳ್ಳಿ ಅಂತ ಆಮೇಲೆ ಬಿಟ್ಟುಕೊಟ್ಟಿತು. ಬೇರೆ ಹಳೇ ಕನ್ಸೋಲ್‌ಗಳಲ್ಲಿ ಹೆಚ್ಚಿನವಕ್ಕೆ ಈ ಭಾಗ್ಯ ಇಲ್ಲ. ಪೆನ್‌ಡ್ರೈವ್‌ಗೆ ತುಂಬಿ ಮಾರೋಕೆ ಮಾತ್ರ ಹೋಗಬೇಡಿ. ಫೈಲ್‌ಗಳು ಬಹುಪಾಲು 4 ಕೆಬಿ, 8 ಕೆಬಿ. ಎಲ್ಲಾ ಸೇರಿಸಿದರೂ ಒಂದು ಗುಡ್ ಮಾರ್ನಿಂಗ್ ಫೋಟೋದಷ್ಟು ಆಗಬಹುದು. ಇಷ್ಟು ಚಿಕ್ಕ ಜಾಗದಲ್ಲಿ ಹೇಗೆ ಆಡಬೇಕು ಅಂತ ಬರೆಯೋಕೆ ಎಲ್ಲಿ ಆಗುತ್ತೆ? ಅದಕ್ಕೇ ಗೇಮ್ ಜೊತೆ ಅದರ ಪುಸ್ತಕದ ಸ್ಕ್ಯಾನ್ ಕೂಡ ಹುಡುಕಿ ಇಟ್ಟುಕೊಳ್ಳಿ. ಓದದೆ ಆಡಿದರೆ ನಾಲ್ಕು ಗುಂಡಿಯಲ್ಲಿ ಯಾವುದು ಏನು ಅಂತ ತಿಳಿಯೋ ಹೊತ್ತಿಗೆ ಮೂರು ಜೀವ ಮುಗಿದಿರುತ್ತೆ.

ಗುಂಡಿಗಳು. ಅಸಲಿ ಕಂಟ್ರೋಲರ್‌ನಲ್ಲಿ ಎಡಕ್ಕೆ ಚಿಕ್ಕ ಜಾಯ್‌ಸ್ಟಿಕ್, ಬಲಕ್ಕೆ 1, 2, 3, 4 ಅಂತ ಗುಂಡಿಗಳು ಅಡ್ಡಸಾಲಿನಲ್ಲಿ. ಈಗಿನ ಗೇಮ್‌ಪ್ಯಾಡ್‌ನಲ್ಲಿ ಗುಂಡಿಗಳು ನಾಲ್ಕು ದಿಕ್ಕಿಗೆ ಇರೋದರಿಂದ ಬೆರಳು ಗೊಂದಲಕ್ಕೆ ಬೀಳುತ್ತೆ. ನನ್ನ ಕೇಳಿದರೆ ಕೀಬೋರ್ಡೇ ವಾಸಿ. ಝಡ್, ಎಕ್ಸ್, ಸಿ, ವಿ ಕೀಗಳನ್ನು 1ರಿಂದ 4ಕ್ಕೆ ಅದೇ ಕ್ರಮದಲ್ಲಿ ಕೊಡಿ, ಚಲನೆಗೆ ಬಾಣದ ಕೀಗಳು. ಮೇಲಿನ ಸಾಲು, ಅಂದ್ರೆ ಎ, ಎಸ್, ಡಿ, ಎಫ್ ಇಡಬೇಡಿ. ರೆಟ್ರೋಆರ್ಚ್‌ನಲ್ಲಿ ಎಫ್ ಒತ್ತಿದರೆ ಫುಲ್‌ಸ್ಕ್ರೀನ್ ಬಂದು ಹೋಗಿ ಮಾಡುತ್ತೆ, ಗುಂಡು ಹಾರಿಸೋ ಹೊತ್ತಲ್ಲಿ ಕಿಟಕಿ ಕುಣಿಯುತ್ತಿರುತ್ತೆ.

ಇನ್ನು ಓವರ್‌ಲೇ, ನನಗೆ ಇದೇ ಮಜಾ. ಸ್ಕ್ಯಾನ್ ಮಾಡಿದ ಓವರ್‌ಲೇ ಚಿತ್ರಗಳು ನೆಟ್‌ನಲ್ಲಿ ಸಿಗುತ್ತವೆ. ಪ್ಯಾರಾಜೆವಿಇ ಅನ್ನೋ ಎಮ್ಯುಲೇಟರ್ ಅವನ್ನು ಪರದೆಯಲ್ಲೇ ತೋರಿಸುತ್ತೆ, ಸೋಮಾರಿಗಳಿಗೆ ಅದು ಸಾಕು. ಕೈಯಲ್ಲಿ ಹಿಡಿಯೋ ಹಾಳೆಯೇ ಬೇಕು ಅಂದ್ರೆ ಎಸ್‌ಐಟಿ ಎಂಜಿನಿಯರಿಂಗ್ ಕಾಲೇಜಿನ ಸುತ್ತಮುತ್ತಲಿನ ಯಾವುದಾದರೂ ಜೆರಾಕ್ಸ್ ಅಂಗಡಿಗೆ ಹೋಗಿ. ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್ ಮಾಡೋ ಕಡೆ ಓಎಚ್‌ಪಿ ಶೀಟ್, ಅಂದ್ರೆ ಆಚೆಬದಿ ಕಾಣೋ ಪ್ಲಾಸ್ಟಿಕ್ ಹಾಳೆ, ಕೇಳಿ ನೋಡಿ. "ಅಣ್ಣಾ, ಇದು ಕಲರ್ ಲೇಸರ್‌ಗೆ ಆಗೋ ಶೀಟೇ ಅಲ್ವಾ?" ಅಂತ ಮೊದಲೇ ಖಚಿತ ಮಾಡಿಕೊಳ್ಳಿ. ಲೇಸರ್‌ಗೆ ಆಗದ ಶೀಟು ಬಿಸಿಗೆ ಕರಗಿ ಒಳಗೇ ಅಂಟಿಕೊಂಡರೆ ಆ ಅಂಗಡಿ ಬಾಗಿಲಿಗೆ ಮತ್ತೆ ಹೋಗೋ ಹಾಗಿರಲ್ಲ. ಇಂಕ್‌ಜೆಟ್ ಆದ್ರೆ ಒಂದು ಬದಿ ಸ್ವಲ್ಪ ಒರಟಾಗಿರೋ ಶೀಟ್ ಬೇಕು, ಆ ಬದಿಗೇ ಪ್ರಿಂಟ್ ಆಗಬೇಕು, ನುಣುಪು ಬದಿಯಲ್ಲಿ ಶಾಯಿ ನಿಲ್ಲಲ್ಲ.

ಎ4 ಶೀಟಿನ ಅಗಲ 21 ಸೆಂ.ಮೀ. ಅದಕ್ಕೆ ಗೇಮ್ ಕಿಟಕಿಯ ಅಗಲ ಪರದೆ ಮೇಲೆ 20 ಸೆಂ.ಮೀ. ದಾಟದ ಹಾಗೆ ಸ್ಕೇಲ್ ಇಟ್ಟು ಅಳೆದು, ಚಿತ್ರವನ್ನೂ ಅದೇ ಅಳತೆಗೆ ಪ್ರಿಂಟ್ ಮಾಡಿಸಿ. ಫಿಟ್ ಟು ಪೇಜ್ ಒತ್ತಬೇಡಿ ಅಂತ ಹೇಳಿ, ಇಲ್ಲಾಂದ್ರೆ ಅಳತೆ ಎಕ್ಕುಟ್ಟಿ ಹೋಗುತ್ತೆ. ಲ್ಯಾಪ್‌ಟಾಪ್ ಪರದೆಯ ಎತ್ತರ ಸಾಲದಿದ್ದರೆ ಇಡೀ ಚಿತ್ರವನ್ನೇ ಚಿಕ್ಕದು ಮಾಡಿ, ಅಥವಾ ಸೆಕೆಂಡ್ ಹ್ಯಾಂಡ್ ಮಾನಿಟರ್ ಒಂದನ್ನು ಉದ್ದಕ್ಕೆ ನಿಲ್ಲಿಸಿ. ಹಾಳೆಯನ್ನು ಮೇಲಿನ ಎರಡು ಮೂಲೆಗೆ ಮಾತ್ರ ಕಾಗದದ ಟೇಪ್ ಹಾಕಿ ತೂಗುಬಿಡಿ, ಗೇಮ್ ಬದಲಾದಾಗ ತೆಗೆಯೋದು ಸುಲಭ. ಬ್ರೈಟ್‌ನೆಸ್ ಪೂರ್ತಿ ಏರಿಸಿ, ರೂಮಿನ ಲೈಟ್ ಆರಿಸಿ. ಬಿಳಿ ಗೆರೆ ಹಾಳೆಯ ನೀಲಿ ಪಟ್ಟಿಯ ಹಿಂದೆ ಬಂದಾಗ ನೀಲಿ, ಕೆಂಪಿನ ಹಿಂದೆ ಹೋದಾಗ ಕೆಂಪು.

ಆಡೋ ಕ್ರಮ. ಮೈನ್ ಸ್ಟಾರ್ಮ್‌ನಿಂದಲೇ ಶುರು ಮಾಡಿ, ಇದು ಮೆಷಿನ್ ಒಳಗೇ ಇದ್ದ ಗೇಮ್. ಕ್ಯಾಸೆಟ್ ಹಾಕದೆ ಆನ್ ಮಾಡಿದರೆ ಇದೇ ಬರುತ್ತಿತ್ತು. ಆಕಾಶದಲ್ಲಿ ಮೈನ್‌ಗಳು, ಅಂದ್ರೆ ತಾಗಿದರೆ ಸಿಡಿಯೋ ಬಾಂಬುಗಳು, ನಡುವೆ ನಿಮ್ಮ ಹಡಗು. ಕೆಲವು ಮೈನ್ ತಮ್ಮ ಪಾಡಿಗೆ ತೇಲುತ್ತವೆ, ಕೆಲವು ನಿಮ್ಮನ್ನೇ ಹಿಂಬಾಲಿಸುತ್ತವೆ, ಕೆಲವನ್ನು ಹೊಡೆದರೆ ಬೆಂಕಿಯುಂಡೆ ನಿಮ್ಮ ಕಡೆಗೇ ಬರುತ್ತೆ, ಎರಡೂ ಬುದ್ಧಿ ಇರೋ ನಾಲ್ಕನೇ ಜಾತಿಯೂ ಇದೆ. 13ನೇ ಹಂತಕ್ಕೆ ಹೋದಾಗ ಗೇಮ್ ಕೆಟ್ಟು ನಿಂತರೆ ನಿಮ್ಮ ಲ್ಯಾಪ್‌ಟಾಪ್ ಬೈಬೇಡಿ. ಅದು ಅಸಲಿ ಗೇಮಿನದ್ದೇ ದೋಷ. ದೂರು ಕೊಟ್ಟವರಿಗೆ ಕಂಪನಿ ಮೈನ್ ಸ್ಟಾರ್ಮ್ 2 ಅಂತ ಸರಿಮಾಡಿದ ಕ್ಯಾಸೆಟ್ ಕಳಿಸಿತ್ತು. ಆ ಫೈಲ್ ಕೂಡ ಸಿಗುತ್ತೆ, ಅದನ್ನೇ ಹಾಕಿಕೊಳ್ಳಿ.

ಆಮೇಲೆ ಸ್ಟಾರ್ ಕ್ಯಾಸಲ್, ರಿಪ್ ಆಫ್, ಆರ್ಮರ್ ಅಟ್ಯಾಕ್. ಈ ಮೂರೂ ಸಿನೆಮಾಟ್ರಾನಿಕ್ಸ್ ಕಂಪನಿಯ ಆರ್ಕೇಡ್ ಗೇಮ್‌ಗಳು, ಅಂದ್ರೆ ಹೊರಗೆ ಕಾಸು ಹಾಕಿ ಆಡೋ ದೊಡ್ಡ ಮೆಷಿನ್‌ನವು, ಅಲ್ಲೂ ಇದೇ ಗೆರೆ ಎಳೆಯೋ ಪರದೆ ಇದ್ದದ್ದರಿಂದ ಮನೆಗೆ ಬಂದಾಗ ಜಾಸ್ತಿ ಏನೂ ಕಳೆದುಕೊಳ್ಳಲಿಲ್ಲ. ಸ್ಟಾರ್ ಕ್ಯಾಸಲ್‌ನಲ್ಲಿ ನಡುವೆ ಫಿರಂಗಿ, ಸುತ್ತ ತಿರುಗೋ ಮೂರು ಉಂಗುರ. ಗುಟ್ಟು ಏನಂದ್ರೆ ಹೊರಗಿನ ಉಂಗುರವನ್ನು ಪೂರ್ತಿ ಒಡೆಯಬಾರದು. ಒಂದು ತುಂಡಾದರೂ ಬಿಟ್ಟಿರಿ. ಪೂರ್ತಿ ಹೋದರೆ ಒಳಗಿನ ಉಂಗುರ ಹೊರಗೆ ಬರುತ್ತೆ, ಒಳಗೆ ಹೊಸದು ಹುಟ್ಟುತ್ತೆ, ನಿಮ್ಮ ಶ್ರಮವೆಲ್ಲ ನೀರುಪಾಲು. ರಿಪ್ ಆಫ್ ಒಬ್ಬರೇ ಆಡಬೇಡಿ. ಇಬ್ಬರು ಒಂದೇ ಕಡೆ ನಿಂತು ಇಂಧನದ ಡಬ್ಬಗಳನ್ನು ಕಳ್ಳರಿಂದ ಕಾಪಾಡೋ ಗೇಮ್ ಅದು, ತಮ್ಮನನ್ನೋ ಭಾವನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇಷ್ಟಾದ ಮೇಲೆ ಈ ಕನ್ಸೋಲ್‌ಗೇ ಅಂತ ಮಾಡಿದ ಗೇಮ್‌ಗಳಿಗೆ ಬನ್ನಿ. ಫೋರ್ಟ್ರೆಸ್ ಆಫ್ ನಾರ್ಜಾಡ್ ನನ್ನ ಮೆಚ್ಚಿನದು. ಕೋಟೆಗೆ ಹೋಗೋ ದಾರಿಯ ಗೋಡೆಗೆ ನಿಮ್ಮ ಗುಂಡು ಬಡಿದು ವಾಪಸ್ ಬರುತ್ತೆ, ನಿಮ್ಮ ಗುಂಡಿಗೆ ನೀವೇ ಸಾಯಬಹುದು, ಹಾಗಾಗಿ ಗುಂಡಿ ಒತ್ತೋ ಮುಂಚೆ ಯೋಚನೆ ಮಾಡಲೇಬೇಕು. ಕ್ಲೀನ್ ಸ್ವೀಪ್‌ನಲ್ಲಿ ನೀವು ಬ್ಯಾಂಕಿನೊಳಗೆ ದುಡ್ಡು ಹೀರೋ ವ್ಯಾಕ್ಯೂಮ್ ಕ್ಲೀನರ್, ತುಂಬಿದಾಗ ನಡುವೆ ಬಂದು ಖಾಲಿ ಮಾಡಬೇಕು. ಪ್ಯಾಕ್‌ಮ್ಯಾನ್ ನಕಲು ಅಂತ ತಳ್ಳಿಹಾಕಬೇಡಿ. ಸ್ಪೈಕ್ ಗೇಮ್ ಮಾತಾಡುತ್ತೆ, ಅದೂ ಬೇರೆ ಯಾವ ಚಿಪ್ಪೂ ಇಲ್ಲದೆ. ಕಿವಿಗೆ ಕರಕರ ಅನಿಸುತ್ತೆ, ಒಂದು ಸಲ ಕೇಳೋಕೆ ಆಡಿ. ಬ್ಲಿಟ್ಜ್ ಅಮೆರಿಕನ್ ಫುಟ್‌ಬಾಲ್, ನಿಯಮ ಗೊತ್ತಿಲ್ಲದಿದ್ದರೆ ಬಿಡಿ. 3ಡಿ ಗೇಮ್‌ಗಳನ್ನು ಮಾಡಿದ್ದೇ ತಿರುಗೋ ಬಣ್ಣದ ಚಕ್ರ ಇರೋ ಕನ್ನಡಕಕ್ಕೆ. ಅದಿಲ್ಲದೆ ಅರ್ಧ ಮಜಾನೂ ಇಲ್ಲ.

ಸ್ಕೋರ್ ಒಂದು ಹಾಳೆಯಲ್ಲಿ ಬರೆದಿಡಿ. ಅಸಲಿ ಮೆಷಿನ್ ಆಫ್ ಮಾಡಿದರೆ ಹೈ ಸ್ಕೋರ್ ಅಳಿಸಿಹೋಗುತ್ತಿತ್ತು. ಎಮ್ಯುಲೇಟರ್‌ನಲ್ಲಿ ಸೇವ್ ಮಾಡಿ ಮಾಡಿ ಮುಂದೆ ಹೋಗಬಹುದು, ಆದರೆ ಐದು ನಿಮಿಷದ ಗೇಮ್‌ಗೆ ಅದು ಯಾಕೆ?

ಅಸಲಿ ಮೆಷಿನ್ನೇ ತರಿಸ್ತೀನಿ ಅನ್ನೋರಿಗೆ ಎರಡು ಮಾತು. ಅಮೆರಿಕದ್ದಾದರೆ ಅದು 110 ವೋಲ್ಟ್‌ನದು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್‌ಗೆ ಹಾಕಿದರೆ ಸುಟ್ಟೇ ಹೋಗುತ್ತೆ. ಸ್ಪೀಕರ್‌ನಿಂದ ಗುಂಯ್ ಅಂತ ಸದ್ದು ಬಂದರೆ ಗಾಬರಿ ಬೇಡ, ಮೊದಮೊದಲು ಬಂದ ಮೆಷಿನ್‌ಗಳ ಹುಟ್ಟುಗುಣ ಅದು. ಅದನ್ನು ಸರಿ ಮಾಡ್ತೀನಿ ಅಂತ ಸ್ಕ್ರೂಡ್ರೈವರ್ ಹಿಡಿಯಬೇಡಿ. ಒಳಗಿರೋದು ಹಳೇ ಟಿವಿ ಥರದ ಪಿಕ್ಚರ್ ಟ್ಯೂಬ್, ಪ್ಲಗ್ ತೆಗೆದ ಮೇಲೂ ಹೈ ವೋಲ್ಟೇಜ್ ಉಳಿದಿರುತ್ತೆ. ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡಿ ಪಳಗಿದವರು ಯಾರಾದರೂ ಇದ್ದರೆ ಅವರ ಕೈಗೇ ಕೊಡಿ.