ಆರುನೂರು ಗ್ರಾಂ ತೇಗ

ನನ್ನ ಎಲೆಕ್ಟ್ರಿಕ್ ಗಿಟಾರ್ 4.3 ಕಿಲೋ ತೂಗುತ್ತಿತ್ತು. ಚಾಮರಾಜಪೇಟೆಯಲ್ಲಿ ಕೆಡವಿದ ಹಳೇ ಮನೆಯ ತೊಲೆಯಿಂದ ಕೊಯ್ಸಿದ ತೇಗದ ಬಾಡಿ, ಅಮೆರಿಕದ ಫೆಂಡರ್ ಕಂಪನಿಯ ಟೆಲಿಕಾಸ್ಟರ್ (ಟೆಲಿ) ಗಿಟಾರಿನ ಆಕಾರ. ಮರ ಒಣಗಿ ಗಟ್ಟಿಯಾಗಿ, ತಟ್ಟಿದರೆ ಠಣ್ ಅನ್ನುತ್ತಿತ್ತು. ಮನೆಯಲ್ಲಿ ಕೂತು ನುಡಿಸುವಾಗ ತೂಕ ಗೊತ್ತೇ ಆಗುವುದಿಲ್ಲ. ಆದರೆ ಗಣೇಶನ ಹಬ್ಬ ಶುರುವಾದರೆ ರಾಜ್ಯೋತ್ಸವ ಮುಗಿಯುವ ತನಕ ಬೆಂಗಳೂರಿನಲ್ಲಿ ಆರ್ಕೆಸ್ಟ್ರಾದವರಿಗೆ ಬಿಡುವಿರುವುದಿಲ್ಲ. ಪೆಂಡಾಲಿನಲ್ಲಿ ಒಂದು ಕಾರ್ಯಕ್ರಮ ಅಂದರೆ ಮೂರು ಗಂಟೆ ನಿಂತೇ ನುಡಿಸಬೇಕು. ಅರ್ಧ ದಾರಿಗೆಲ್ಲ ಎಡ ಹೆಗಲು ಮರಗಟ್ಟುತ್ತಿತ್ತು. ಅದಕ್ಕೇ ಬಾಡಿಯ ಒಳಗಿನ ಮರ ಕೊರೆದು ತೆಗೆದು ಭಾರ ಇಳಿಸಲು ಹೊರಟೆ.

ಇಷ್ಟು ಭಾರ ಎಲ್ಲಿಂದ ಬಂತು ಅಂತ ಲೆಕ್ಕ ಹಾಕುವುದು ಸುಲಭ. ಟೆಲಿ ಆಕಾರದ, 45 ಮಿ.ಮೀ. ದಪ್ಪದ ಬಾಡಿಯಲ್ಲಿ ಸುಮಾರು ನಾಲ್ಕು ಲೀಟರಿನಷ್ಟು ಮರ ಇರುತ್ತದೆ. ಒಂದು ಲೀಟರ್ ತೇಗ ಅಂದರೆ ಹೆಚ್ಚುಕಡಿಮೆ 650 ಗ್ರಾಂ. ಅಲ್ಲಿಗೆ ಬಾಡಿಯೊಂದೇ 2.6 ಕಿಲೋ ಆಯಿತು. ನೆಕ್ (ಬೆರಳಿಡುವ ಉದ್ದ ಹಿಡಿ), ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ತುಂಡು), ಪಿಕಪ್ (ತಂತಿಯ ಅದುರು ಹಿಡಿಯುವ ಅಯಸ್ಕಾಂತ), ತಂತಿ ಬಿಗಿಸುವ ಕೀಗಳು ಎಲ್ಲ ಸೇರಿ ಇನ್ನೊಂದು ಒಂದೂವರೆ ಕಿಲೋ ದಾಟುತ್ತದೆ. ಅಮೆರಿಕದ ಕಂಪನಿಗಳು ಬಳಸುವ ಆಲ್ಡರ್ ಮರ ಲೀಟರಿಗೆ 450 ಗ್ರಾಂ ಆಸುಪಾಸು ತೂಗುತ್ತದೆ, ಹಾಗಾಗಿ ಅವರ ಟೆಲಿ ಹಗುರ. ನಮ್ಮಲ್ಲಿ ಸಲೀಸಾಗಿ ಸಿಗುವ ಒಳ್ಳೆ ಮರಗಳು ಹೆಚ್ಚಿನವು ಇದಕ್ಕಿಂತ ಭಾರ.

ಕೊರೆದು ತೂಕ ಇಳಿಸುವುದು ಹೊಸ ವಿದ್ಯೆಯೇನಲ್ಲ. 1960ರ ದಶಕದ ಕೊನೆಯಲ್ಲಿ ಫೆಂಡರ್‌ಗೆ ಹಗುರವಾದ ಆ್ಯಶ್ ಮರ ಸಿಗುವುದು ಕಷ್ಟವಾದಾಗ ರೋಜರ್ ರಾಸ್ಮೈಸಲ್ ವಿನ್ಯಾಸದಲ್ಲಿ ಒಳಗೆ ಟೊಳ್ಳು ಮಾಡಿದ ಟೆಲಿಕಾಸ್ಟರ್ ಥಿನ್‌ಲೈನ್ ಬಂತು, 1968ರಲ್ಲಿ. ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್‌ನವರು 1980ರ ದಶಕದ ಆರಂಭದಲ್ಲಿ ತಮ್ಮ ಲೆಸ್ ಪಾಲ್ ಗಿಟಾರಿನ ಬಾಡಿಯಲ್ಲಿ ಒಂಬತ್ತು ಗುಂಡಿ ಕೊರೆದು ಮೇಲೆ ಮೇಪಲ್ ಹಲಗೆ ಮುಚ್ಚತೊಡಗಿದರು. 2008ರ ಲೆಸ್ ಪಾಲ್ ಸ್ಟ್ಯಾಂಡರ್ಡ್ ಹೊತ್ತಿಗೆ ಒಳಗೆ ದೊಡ್ಡ ದೊಡ್ಡ ಕೋಣೆಗಳೇ ಆದವು. ಆಮೇಲೆ, 2019ರಲ್ಲಿ, ಏನೂ ಕೊರೆಯದ ಮಾಡೆಲ್‌ಗಳನ್ನು ಮತ್ತೆ ತಂದು ಅದನ್ನೇ ಹೆಗ್ಗಳಿಕೆಯಾಗಿ ಹೇಳಿಕೊಂಡರು. ಕೊಳ್ಳುವವರಿಗೆ ಹಗುರವೂ ಬೇಕು, ಕೊರೆದಿರಲೂ ಬಾರದು!

ಮೊದಲು ನನಗೂ ಗುಂಡಿಯ ದಾರಿಯೇ ಸುಲಭ ಅನ್ನಿಸಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದಾಗ ಆ ಆಸೆ ಬಿಟ್ಟೆ. 25 ಮಿ.ಮೀ. ಬಿಟ್‌ನಲ್ಲಿ 35 ಮಿ.ಮೀ. ಆಳ ಕೊರೆದರೆ ಒಂದು ಗುಂಡಿಯಿಂದ ಹೊರಬರುವುದು 17 ಸಿ.ಸಿ. ಮರ, ಅಂದರೆ ಹನ್ನೊಂದು ಗ್ರಾಂ. ಒಂಬತ್ತು ಕೊರೆದರೂ ನೂರು ಗ್ರಾಂ. ಅದಕ್ಕೆ ಇಷ್ಟೆಲ್ಲ ಪಾಡು ಯಾಕೆ? ಗ್ರಾಫ್ ಹಾಳೆಯ ಮೇಲೆ ಬಾಡಿಯ ಅಚ್ಚು ಎಳೆದು, ಮುಟ್ಟಲೇಬಾರದ ಜಾಗಗಳಿಗೆ ಕೆಂಪು ಬಳಿದೆ: ಬ್ರಿಡ್ಜಿನಿಂದ ನೆಕ್ ತನಕ ಹತ್ತು ಸೆಂ.ಮೀ. ಅಗಲದ ನಡುಪಟ್ಟಿ, ನೆಕ್ ಕೂರುವ ಜಾಗದ ಸುತ್ತ 25 ಮಿ.ಮೀ., ಅಂಚಿನಲ್ಲಿ 15 ಮಿ.ಮೀ., ಬೆಲ್ಟಿನ ಬಟನ್ ಹಿಡಿಯುವ ಎರಡು ಕಡೆ. ಉಳಿದ ಚೌಕಗಳನ್ನು ಎಣಿಸಿದರೆ ದಪ್ಪ ತಂತಿಯ ಪಕ್ಕದಲ್ಲಿ 220 ಚದರ ಸೆಂ.ಮೀ., ಕಂಟ್ರೋಲ್‌ಗಳಿರುವ ಪಕ್ಕದಲ್ಲಿ 80. ಎರಡನ್ನೂ 32 ಮಿ.ಮೀ. ಆಳ ತೆಗೆದರೆ 960 ಸಿ.ಸಿ., ಅಂದರೆ ಆರುನೂರು ಗ್ರಾಮಿಗೆ ಮೇಲೆ.

ಆದರೆ ಎಷ್ಟು ಇಳಿಯುತ್ತದೆ ಅನ್ನುವುದಕ್ಕಿಂತ ಎಲ್ಲಿಂದ ಇಳಿಯುತ್ತದೆ ಅನ್ನುವುದು ಮುಖ್ಯ. ಬಾಡಿಯ ಹಿಂಭಾಗ (ಬ್ರಿಡ್ಜಿನ ಕಡೆ) ಹಗುರವಾದಷ್ಟೂ ಗಿಟಾರಿನ ತಲೆ ಕೆಳಕ್ಕೆ ಎಳೆಯುತ್ತದೆ. ಗಿಬ್ಸನ್ ಎಸ್‌ಜಿ ಇಟ್ಟುಕೊಂಡವರನ್ನು ಕೇಳಿ. ಅದು ಹಗುರ, ನಿಜ, ಆದರೆ ಕೈಬಿಟ್ಟರೆ ನೆಕ್ ನೆಲ ನೋಡುತ್ತದೆ, ಎಡಗೈ ಅದನ್ನು ಹೊತ್ತುಕೊಂಡೇ ನುಡಿಸಬೇಕು. ಹೆಗಲಿನ ನೋವು ಮಣಿಕಟ್ಟಿಗೆ ಇಳಿದರೆ ಲಾಭವೇನು ಬಂತು?

ಇದನ್ನು ಕೊರೆಯುವ ಮೊದಲೇ ಪರೀಕ್ಷಿಸಬಹುದು, ಯಾಕೋ ಯಾರೂ ಮಾಡುವುದಿಲ್ಲ. ಬೆಲ್ಟಿನ ಮೇಲಿನ ಬಟನ್ ಇರುವ ಜಾಗವನ್ನು ತಕ್ಕಡಿಯ ನಡುಮುಳ್ಳು ಅಂದುಕೊಳ್ಳಿ. ನಾನು ತೆಗೆಯಬೇಕೆಂದಿದ್ದ ಮರದ ನಡುಬಿಂದು ಅಲ್ಲಿಂದ ಬ್ರಿಡ್ಜಿನ ಕಡೆಗೆ ಸುಮಾರು 15 ಸೆಂ.ಮೀ. ದೂರ. ಕೀಗಳು ಇನ್ನೊಂದು ಕಡೆಗೆ ಸುಮಾರು 48 ಸೆಂ.ಮೀ. ದೂರ. 600 ಗ್ರಾಂ ಗುಣಿಸು 15, ಭಾಗಿಸು 48: ಬರುವುದು 190 ಗ್ರಾಮಿನ ಹತ್ತಿರ. ಅಂದರೆ ಆ ಮರ ತೆಗೆದರೆ ತಲೆ ಎಷ್ಟು ಎಳೆಯುತ್ತದೋ, ಇದ್ದ ಗಿಟಾರಿನ ಹೆಡ್‌ಸ್ಟಾಕಿಗೆ (ಕೀಗಳಿರುವ ತಲೆಗೆ) 190 ಗ್ರಾಂ ಕಟ್ಟಿದರೂ ಅಷ್ಟೇ ಎಳೆಯುತ್ತದೆ. ಒಂದು ಪ್ಲಾಸ್ಟಿಕ್ ಕವರಿನಲ್ಲಿ ನಟ್ಟು ಬೋಲ್ಟು ತುಂಬಿ, ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಹೆಡ್‌ಸ್ಟಾಕಿಗೆ ಕಟ್ಟಿ ಪ್ರಾಕ್ಟೀಸಿನಲ್ಲಿ ಪೂರ್ತಿ ನುಡಿಸಿದೆ. ಕೀಬೋರ್ಡಿನವರು ನಕ್ಕರು, ನಗಲಿ. ತಲೆ ಸ್ವಲ್ಪ ಇಳಿಯಿತು, ಬೀಳಲಿಲ್ಲ. ಆ ಸ್ವಲ್ಪವನ್ನೂ ಸರಿಮಾಡಲು ದಪ್ಪ ಎರಕದ ಕೀಗಳನ್ನು ತೆಗೆದು ಹಳೇ ಮಾದರಿಯ ತೆಳು ತಗಡಿನ ಕೀ ಹಾಕಿದೆ. ಆರೂ ಸೇರಿ ಇಳಿದದ್ದು 60 ಗ್ರಾಂ. ಅಷ್ಟು ದೂರದಲ್ಲಿ ಆ 60 ಗ್ರಾಂ, ಬಾಡಿಯ ಹಿಂಬದಿಯ 190 ಗ್ರಾಮಿಗೆ ಸಮ.

ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಲ್ಲಿ ಪರಿಚಯದ ಆಚಾರ್ರ ಶೆಡ್ಡಿದೆ. ಅವರ ಪ್ಲೇನರ್ ಮೆಷಿನ್ನಿನಲ್ಲಿ ಬಾಡಿಯ ಮುಖದಿಂದ 6 ಮಿ.ಮೀ. ತೆಗೆಸಿದೆ. ಕೊರೆದ ಮೇಲೆ ಅಷ್ಟೇ ದಪ್ಪದ ಹಲಸಿನ ಹಲಗೆ ಮುಚ್ಚಿದರೆ ಒಟ್ಟು ದಪ್ಪ ಮೊದಲಿನಷ್ಟೇ ಉಳಿಯುತ್ತದೆ, ನೆಕ್ಕಿನ ಕೋನವಾಗಲಿ ಬ್ರಿಡ್ಜಿನ ಎತ್ತರವಾಗಲಿ ಬದಲಾಗುವುದಿಲ್ಲ. ನಾನು ಕೆಂಪು ಗೆರೆ ಹಾಕಿದ ಅಚ್ಚು ನೋಡಿ ಆಚಾರ್ರಿಗೆ ಸಂಕಟವಾಯಿತು.

“ಏನ್ ಸಾರ್, ಇಂಥಾ ತೇಗಾನ ಪುಡಿ ಮಾಡ್ತೀನಂತೀರಲ್ಲ. ಸಿಎಫ್‌ಟಿಗೆ (ಘನ ಅಡಿಗೆ) ರೇಟು ಎಷ್ಟಿದೆ ಗೊತ್ತಾ ಇವತ್ತು?”

“ವೀಣೆ ಕೊಡಾನೂ ಹಲಸಿನ ಮರಾನ ಕೊರೆದೇ ಅಲ್ವಾ ಮಾಡೋದು ಆಚಾರ್ರೇ.”

“ಅದು ವೀಣೆ ಸಾರ್, ಅದಕ್ಕೆ ಹೊಟ್ಟೆ ಬೇಕು. ಇದಕ್ಕೆ ಕರೆಂಟ್ ಐತಲ್ಲ.”

ಅವರ ಮಾತಿನಲ್ಲಿ ಹುರುಳಿತ್ತು, ಅದಕ್ಕೆ ಮುಂದೆ ಬರುತ್ತೇನೆ.

ಕೊರೆಯುವ ಕೆಲಸ ಹೀಗೆ. 12 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರಿನ ಹಲಗೆ) ಟೆಂಪ್ಲೇಟ್ ಕತ್ತರಿಸಿ ಎರಡು ಬದಿಯ ಟೇಪಿನಲ್ಲಿ ಅಂಟಿಸಿದೆ. ಪೂರ್ತಿ ರೂಟರಿನಲ್ಲೇ (ಮರ ತೋಡುವ ಮೆಷಿನ್) ತೆಗೆಯಲು ಹೋದರೆ ಬಿಟ್ ಸುಟ್ಟುಹೋಗುತ್ತದೆ. ತೇಗದೊಳಗೆ ಮರಳಿನ ಅಂಶ, ಅಂದರೆ ಸಿಲಿಕಾ ಇರುವುದರಿಂದ ಹರಿತ ಬೇಗ ಸಾಯುತ್ತದೆ. ಅದಕ್ಕೆ ಮೊದಲು ಡ್ರಿಲ್ ಸ್ಟ್ಯಾಂಡಿನಲ್ಲಿ ಚಪ್ಪಟೆ ತಳದ ಗುಂಡಿ ಕೊರೆಯುವ ಫೋರ್ಸ್ಟ್‌ನರ್ ಬಿಟ್ ಹಾಕಿ ಒತ್ತೊತ್ತಾಗಿ ಗುಂಡಿ ಕೊರೆದು ಮುಕ್ಕಾಲು ಪಾಲು ಖಾಲಿ ಮಾಡಿದೆ. ತಳದಲ್ಲಿ ಉಳಿಯಬೇಕಾದದ್ದು 7 ಮಿ.ಮೀ. ಮಾತ್ರ, ಆ ಬಿಟ್ಟಿನ ನಡುಮೊನೆಯೇ ಮೂರು ನಾಲ್ಕು ಮಿ.ಮೀ. ಮುಂದೆ ಚಾಚಿರುತ್ತದೆ. ಹಾಗಾಗಿ ಡ್ರಿಲ್ಲನ್ನು 28 ಮಿ.ಮೀ.ಗೇ ನಿಲ್ಲಿಸಿ, ಮಿಕ್ಕದ್ದನ್ನು ಕಾರ್ಬೈಡ್ ಬಿಟ್ ಹಾಕಿದ ರೂಟರಿನಲ್ಲಿ ಮೂರು ಮೂರು ಮಿ.ಮೀ.ನಂತೆ ಇಳಿಸುತ್ತ ನುಣುಪು ಮಾಡಿದೆ. ತೇಗದ ಪುಡಿ ಮೂಗು ಗಂಟಲನ್ನು ಕಾಡುತ್ತದೆ, ಎನ್95 ಮಾಸ್ಕ್ ಇಲ್ಲದೆ ಕೈ ಹಾಕಬೇಡಿ.

ಮುಚ್ಚಿದ ಮೇಲೆ ಒಳಗೆ ಕೈಯಾಡುವುದಿಲ್ಲವಾದ್ದರಿಂದ ಪಿಕಪ್ ವೈರಿನ ದಾರಿಗಳನ್ನು ಆಗಲೇ ಕೊರೆದುಕೊಳ್ಳಬೇಕು. ಒಳಗೋಡೆಗೆ ತೆಳುವಾಗಿ ಅರಗಿನ ಪಾಲಿಶ್ ಹೊಡೆದೆ. ಒಂದು ಮುಖಕ್ಕೆ ಪಾಲಿಶ್, ಇನ್ನೊಂದಕ್ಕೆ ಏನೂ ಇಲ್ಲ ಅಂದರೆ ತೇವ ಕುಡಿದು ತೆಳು ತಳ ಬಾಗುತ್ತದೆ. ಇದೇ ಕಾರಣಕ್ಕೆ ಅಂಟಿಸುವುದನ್ನು ಮಳೆಗಾಲ ಮುಗಿಯುವ ತನಕ ಮುಂದಕ್ಕೆ ಹಾಕಿದ್ದೆ. ತೇಗದಲ್ಲಿ ಎಣ್ಣೆಯಂಶ ಇರುತ್ತದಲ್ಲ, ಅಂಟು ಹಿಡಿಯಲೆಂದು ಆ ಮುಖವನ್ನು ಅಸಿಟೋನಿನಲ್ಲಿ ಒರೆಸಿ, ಆರಿದ ಕೂಡಲೇ ಫೆವಿಕಾಲ್ ಸವರಿದೆ. ಗೋಡೆಯ ಒಳಅಂಚಿನಲ್ಲಿ ಅಂಟು ಕಡಿಮೆ ಇರಲಿ, ಹೆಚ್ಚಾದದ್ದು ಒಳಗೇ ಹನಿಯಾಗಿ ಒಣಗಿ, ಕಿತ್ತುಬಂದರೆ ಗಲಗಲ ಅನ್ನುತ್ತದೆ. ಒಂದು ಚೂರು ಹೊಟ್ಟು ಉಳಿದರೂ ಅದೇ ಪಾಡು, ಮುಚ್ಚುವ ಮುನ್ನ ಬ್ಲೋವರ್ ಹಿಡಿಯಲೇಬೇಕು. ಶೆಡ್ಡಿನಲ್ಲಿದ್ದ ಕ್ಲ್ಯಾಂಪ್‌ಗಳೆಲ್ಲ ಅವತ್ತು ನನ್ನ ಗಿಟಾರಿನ ಮೇಲೇ ಇದ್ದವು.

ಕೊನೆಗೆ ತಕ್ಕಡಿ ತೋರಿಸಿದ್ದು 3.6 ಕಿಲೋ. ಸಮತೋಲದ ಬಿಂದು ನೆಕ್ಕಿನ ಕಡೆಗೆ ಒಂದು ಸೆಂಟಿಮೀಟರಿನಷ್ಟು ಸರಿದಿದೆ, ಹಿಂಬದಿ ಒರಟಾಗಿರುವ ಅಗಲ ಬೆಲ್ಟ್ ಹಾಕಿದರೆ ಗೊತ್ತಾಗುವುದಿಲ್ಲ.

ನಾದ? ಎಲ್ಲರೂ ಕೇಳುವುದು ಇದನ್ನೇ. ಆಚಾರ್ರು ಹೇಳಿದಂತೆ, ಪಿಕಪ್ಪಿಗೆ ಕೇಳುವುದು ಅಯಸ್ಕಾಂತದ ಮುಂದೆ ಅದುರುವ ಉಕ್ಕಿನ ತಂತಿ, ಮರದ ಹೊಟ್ಟೆಯಲ್ಲ. ಆಂಪ್ (ಆಂಪ್ಲಿಫೈಯರ್) ಇಲ್ಲದೆ ನುಡಿಸಿದರೆ ಗಿಟಾರ್ ಮೊದಲಿಗಿಂತ ಜೋರು, ಎದೆಗೆ ಅದುರು ತಾಗುತ್ತದೆ, ಅದು ಖುಷಿಯೇ. ಆಂಪಿಗೆ ಹಾಕಿದ ಮೇಲೆ ವ್ಯತ್ಯಾಸ ಇದೆ ಅಂತ ಪ್ರಮಾಣ ಮಾಡಲಾರೆ. ಕೊರೆದದ್ದರಿಂದ ನಾದ ಅರಳಿತು ಅನ್ನುವವರನ್ನೂ ಸತ್ತಿತು ಅನ್ನುವವರನ್ನೂ ಕಣ್ಣು ಕಟ್ಟಿ ಕೂರಿಸಿ ಕೇಳಿಸಬೇಕು. ಹೆದರಿಕೆ ಇದ್ದದ್ದು ಫೀಡ್‌ಬ್ಯಾಕಿನದು, ಅಂದರೆ ಸ್ಪೀಕರಿನ ಸದ್ದೇ ಗಿಟಾರಿಗೆ ಮರಳಿ ಕೂಗಾಗುವುದು. ಪೆಂಡಾಲಿನಲ್ಲಿ ಮಾನಿಟರ್ ಸ್ಪೀಕರ್ ಕಾಲ ಬುಡದಲ್ಲೇ ಇರುತ್ತದೆ, ಪೂರ್ತಿ ಟೊಳ್ಳು ಗಿಟಾರ್ ಅಲ್ಲಿ ಊಳಿಡುತ್ತದೆ. 1958ರ ಗಿಬ್ಸನ್ ಇಎಸ್-335 ಎಂಬ ಅರೆಟೊಳ್ಳು ಗಿಟಾರಿನ ನಡುವೆ ಗಟ್ಟಿ ಮರದ ದಿಮ್ಮಿ ಇಟ್ಟದ್ದೂ ಇದನ್ನು ತಡೆಯಲೆಂದೇ. ನಾನೂ ಥಿನ್‌ಲೈನಿನಂತೆ ಎಫ್ ಆಕಾರದ ತೂತು ಬಿಡದೆ ಪೂರ್ತಿ ಮುಚ್ಚಿದ್ದಕ್ಕೆ ಅದೇ ಕಾರಣ. ಈ ಸಲದ ಗಣೇಶೋತ್ಸವದಲ್ಲಿ ಎಲ್ಲೂ ಕೂಗಲಿಲ್ಲ.

ಅಂಗಡಿಯಲ್ಲಿ ಕೊಂಡ ಗಿಟಾರಿಗೆ ಈ ಆಪರೇಷನ್ ಮಾಡಬೇಡಿ. ಬಣ್ಣ ಹೋಗುತ್ತದೆ, ಮಾರಾಟದ ಬೆಲೆ ಹೋಗುತ್ತದೆ, ಒಳಗೆ ಆಗಲೇ ಕೊರೆದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದೂ ಇಲ್ಲ. ಹಗುರ ಕೀ ಮತ್ತು ಮೂರು ಇಂಚಿನ ಬೆಲ್ಟ್ ಎರಡೂ ಸೇರಿ ಎಷ್ಟೋ ಹೆಗಲುಗಳಿಗೆ ಸಾಕಾಗುತ್ತದೆ. ಹೊಸದಾಗಿ ಮಾಡಿಸುವವರಾದರೆ ತೇಗದ ಬದಲು ಹೆಬ್ಬೇವಿನ ಹಲಗೆ ಕೇಳಿ ನೋಡಿ. ರೈತರು ಈಗ ಎಲ್ಲೆಡೆ ಬೆಳೆಯುತ್ತಿದ್ದಾರೆ, ತೇಗಕ್ಕಿಂತ ಬಹಳ ಹಗುರ. ನನ್ನ ಮುಂದಿನ ಬಾಡಿಗೆ ಆಚಾರ್ರು ಒಂದು ತುಂಡು ಎತ್ತಿಟ್ಟಿದ್ದಾರೆ, ಇನ್ನೂ ಒಣಗಬೇಕು.